ನೀರು ಬರಲ್ಲ, ನೀರು ಬರಲ್ವಂತೆ: ಲಾಅಡನ್ ಎಂಬ ಕಟ್ಟಿದ ಭಾಷೆಯ ಲೆಕ್ಕ ಮತ್ತು ಮನಸ್ಸು

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಸಾಲು ಬಂತು. "ನಾಳೆ ನೀರು ಬರಲ್ವಂತೆ." ಬರೆದವರು ಎದುರು ಮನೆಯ ಆಂಟಿ. ಯಾರೋ ಅದನ್ನು ಪಕ್ಕದ ಬೀದಿಯ ಗುಂಪಿಗೆ ದಾಟಿಸಿದರು. ದಾಟಿಸುವಾಗ ತಾವೇ ಟೈಪ್ ಮಾಡಿದರು: "ನಾಳೆ ನೀರು ಬರಲ್ಲ." ಸಂಜೆ ಹೊತ್ತಿಗೆ ಅದು "ಎರಡು ದಿನ ನೀರಿಲ್ಲ, ತುಂಬಿಸಿಟ್ಟುಕೊಳ್ಳಿ" ಆಗಿತ್ತು. ಮೂರು ಮನೆಯವರು ದುಡ್ಡು ಕೊಟ್ಟು ಟ್ಯಾಂಕರ್ ತರಿಸಿದರು. ಬೆಳಗ್ಗೆ ಆರು ಗಂಟೆಗೆ ನಲ್ಲಿಯಲ್ಲಿ ನೀರು ಬಂತು.

ಆಂಟಿ ಸುಳ್ಳು ಹೇಳಿರಲಿಲ್ಲ. ಅವರು 'ಅಂತೆ' ಅಂದಿದ್ದರು. "ನಾನು ಕೇಳಿದ್ದು, ನೋಡಿದ್ದಲ್ಲ" ಅನ್ನುವುದು ಅಷ್ಟರಲ್ಲೇ ಇತ್ತು. ಆ ಪುಟ್ಟ ಬಾಲ ಕಳಚಿ ಬಿದ್ದ ಕೂಡಲೇ ಗಾಳಿಮಾತು ಸುದ್ದಿಯಾಯಿತು.

ನಾವೀಗ ಮಾತಾಡುವುದಕ್ಕಿಂತ ಟೈಪ್ ಮಾಡುವುದೇ ಜಾಸ್ತಿ. ದನಿ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಒಂದು "ಸರಿ" ಅನ್ನುವ ಉತ್ತರ ಒಪ್ಪಿಗೆಯೋ ಸಿಟ್ಟೋ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡವರು ಎಷ್ಟೋ ಜನ. ಹಾಗಾಗಿ ಒಂದು ಪ್ರಶ್ನೆ ಕೇಳಬೇಕು ಅನಿಸುತ್ತದೆ. ಹೇಳುವವರ ಮನಸ್ಸು ಏನು, ಆ ಮಾತು ಎಲ್ಲಿಂದ ಬಂತು ಅನ್ನುವುದನ್ನು ಬಿಟ್ಟು ವಾಕ್ಯ ಮುಗಿಸಲು ಆಗದೇ ಇರುವಂಥ ಭಾಷೆ ಇದ್ದರೆ ಹೇಗಿರುತ್ತದೆ?

ಅಂಥ ಒಂದು ಭಾಷೆಯನ್ನು ಒಬ್ಬ ಹೆಂಗಸು ಕೂತು ಕಟ್ಟಿದ್ದಾರೆ. ಅದರ ಹೆಸರು ಲಾಅಡನ್.

ಭಾಷೆಯನ್ನು ಕಟ್ಟುವುದು ಅಂದರೆ

ಕನ್ನಡವನ್ನು ಯಾರೂ ಒಂದು ದಿನ ಕೂತು ಬರೆದಿಲ್ಲ. ಅದು ಬೆಳೆದು ಬಂದದ್ದು. ಆದರೆ ಕೆಲವು ಭಾಷೆಗಳನ್ನು ಒಬ್ಬರೋ ಇಬ್ಬರೋ ಯೋಚಿಸಿ, ಪದ ಹುಟ್ಟಿಸಿ, ವ್ಯಾಕರಣ ಗೀಚಿ ತಯಾರು ಮಾಡುತ್ತಾರೆ. ಇವನ್ನು ಕಟ್ಟಿದ ಭಾಷೆ ಅನ್ನಬಹುದು. ಎಲ್ಲರಿಗೂ ಸುಲಭವಾಗಿ ಬರುವ ಒಂದು ಭಾಷೆ ಬೇಕು ಅಂತ 1887ರಲ್ಲಿ ಜಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊ ಇವುಗಳಲ್ಲಿ ಹೆಸರುವಾಸಿ.

ಲಾಅಡನ್ ಕಟ್ಟಿದವರು ಸುಜೆಟ್ ಹೇಡನ್ ಎಲ್ಜಿನ್. ಅಮೆರಿಕದ ಭಾಷಾವಿಜ್ಞಾನಿ, 1936ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡವರು. ಪಾಠ ಮಾಡುತ್ತಿದ್ದರು, ವಿಜ್ಞಾನ ಕಾದಂಬರಿಗಳನ್ನೂ ಬರೆಯುತ್ತಿದ್ದರು. ಈ ಭಾಷೆಯ ಕೆಲಸವನ್ನು ಅವರು 1982ರಲ್ಲಿ ಶುರು ಮಾಡಿದರು. ತಮ್ಮ ಒಂದು ಕಾದಂಬರಿಯಲ್ಲಿ ಹೆಂಗಸರೇ ಸೇರಿ ಗುಟ್ಟಾಗಿ ಕಟ್ಟುವ ಭಾಷೆಯಾಗಿ ಅದನ್ನು ತಂದರು. 1985ರಲ್ಲಿ ಅದರ ನಿಘಂಟು ಮತ್ತು ವ್ಯಾಕರಣ ಅಚ್ಚಾಯಿತು, 1988ರಲ್ಲಿ ಎರಡನೇ ಮುದ್ರಣ ಬಂತು.

ಹೆಸರಿನ ಅರ್ಥವೂ ಸರಳ. 'ಲಾಅಡ್' ಅಂದರೆ ಕಣ್ಣು, ಕಿವಿ, ಚರ್ಮದಿಂದ ಅರಿಯುವುದು. 'ಡನ್' ಅಂದರೆ ಭಾಷೆ. ಅರಿವಿನ ಭಾಷೆ ಅನ್ನಿ.

ಎಲ್ಜಿನ್ ಅವರ ಯೋಚನೆಯ ಹಿಂದೆ ಒಂದು ಹಳೆಯ ವಾದ ಇದೆ. ಸಪೀರ್ ಮತ್ತು ವೋರ್ಫ್ ಎಂಬ ಇಬ್ಬರು ವಿದ್ವಾಂಸರ ಹೆಸರಲ್ಲಿ ಅದನ್ನು ಕರೆಯುತ್ತಾರೆ. ನಾವಾಡುವ ಭಾಷೆ ನಾವು ಲೋಕವನ್ನು ನೋಡುವ ರೀತಿಯನ್ನು ಸ್ವಲ್ಪ ಮಟ್ಟಿಗಾದರೂ ತಿದ್ದುತ್ತದೆ ಅನ್ನುವುದು ಅದರ ಸಾರ. ಗದ್ದೆಗೆ ಕಾಲುವೆ ತೋಡಿಟ್ಟಿದ್ದರೆ ನೀರು ತಾನಾಗಿ ಆ ಕಡೆ ಹೋಗುತ್ತದೆ. ಬೇರೆ ಕಡೆಗೂ ಹರಿಸಬಹುದು, ಆದರೆ ಹಾರೆ ಹಿಡಿದು ಮೈ ಬಗ್ಗಿಸಬೇಕು. ಭಾಷೆಯೂ ಹಾಗೆ ಅನ್ನುತ್ತದೆ ಈ ವಾದ. ಹೆಂಗಸರು ದಿನಾ ಅನುಭವಿಸುವ ಎಷ್ಟೋ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಕಾಲುವೆ ಇಲ್ಲ, ಪ್ರತಿ ಸಲ ಹಾರೆ ಹಿಡಿಯಬೇಕು ಅಂತ ಎಲ್ಜಿನ್ ಅವರಿಗೆ ಅನಿಸಿತ್ತು.

ಮುಂದಕ್ಕೆ ಹೋಗುವ ಮುಂಚೆ ಬರವಣಿಗೆಯ ಬಗ್ಗೆ ಒಂದು ಮಾತು. ಈ ಭಾಷೆಯಲ್ಲಿ ಸ್ವರವನ್ನು ಏರಿಸಿ ಇಳಿಸಿ ಹೇಳುವುದರಿಂದ ಅರ್ಥ ಬದಲಾಗುತ್ತದೆ. ನಮ್ಮ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ. ಹಾಗಾಗಿ ದನಿ ಎತ್ತರಿಸುವ ಜಾಗದಲ್ಲಿ ದೀರ್ಘ ಹಾಕಿದ್ದೇನೆ. 'ಲಾಅ' ಅಂದರೆ ಎತ್ತರದಲ್ಲಿ ಶುರುವಾಗಿ ಕೆಳಗಿಳಿಯುವುದು.

ವಚನ: ಎಷ್ಟು ಅಂತ ಎಲ್ಲಿ ಹೇಳುತ್ತೇವೆ?

ಶಾಲೆಯಲ್ಲಿ ಏಕವಚನ, ಬಹುವಚನ ಕಲಿತಿದ್ದೇವೆ. ಹುಡುಗ, ಹುಡುಗರು. ಮರ, ಮರಗಳು. ಒಂದೋ ಜಾಸ್ತಿಯೋ ಅನ್ನುವುದನ್ನು ಪದದ ರೂಪದಿಂದಲೇ ತೋರಿಸುವುದು ವಚನ.

ಇದು ಎಲ್ಲ ಕಡೆ ಒಂದೇ ಥರ ಇಲ್ಲ. ಸಂಸ್ಕೃತದಲ್ಲಿ ಎರಡಕ್ಕೇ ಬೇರೆ ರೂಪ ಇದೆ: ಬಾಲಕಃ ಅಂದರೆ ಒಬ್ಬ, ಬಾಲಕೌ ಅಂದರೆ ಇಬ್ಬರು, ಬಾಲಕಾಃ ಅಂದರೆ ಅದಕ್ಕಿಂತ ಹೆಚ್ಚು. ಅರಬ್ಬಿಯಲ್ಲೂ ದ್ವಿವಚನ ಇದೆ. ಫಿಜಿ ದ್ವೀಪದ ಭಾಷೆಯ ಸರ್ವನಾಮಗಳಲ್ಲಿ ನಾಲ್ಕು ಮೆಟ್ಟಿಲು: ಒಬ್ಬರು, ಇಬ್ಬರು, ಕೆಲವರು, ಹಲವರು.

ಇನ್ನು ಕನ್ನಡವನ್ನೇ ನೋಡಿ. ಹೋಟೆಲಿನಲ್ಲಿ "ಎರಡು ದೋಸೆ" ಅನ್ನುತ್ತೇವೆ, "ಎರಡು ದೋಸೆಗಳು" ಅಂದರೆ ಮಾಣಿ ಮುಖ ನೋಡುತ್ತಾನೆ. ಐದು ತೆಂಗಿನಕಾಯಿ, ಹತ್ತು ಮರ, ನೂರು ರೂಪಾಯಿ. ಲೆಕ್ಕ ಮೊದಲೇ ಹೇಳಿ ಆಗಿದೆ, ಮತ್ತೆ 'ಗಳು' ಯಾಕೆ? ಆದರೆ ಮನುಷ್ಯರಿಗೆ ಈ ಸಡಿಲ ಇಲ್ಲ. "ಐದು ಹುಡುಗ" ಅನ್ನುವುದಿಲ್ಲ, "ಐದು ಜನ ಹುಡುಗರು" ಅನ್ನುತ್ತೇವೆ.

ಆಡುಮಾತಿನಲ್ಲಿ ಇನ್ನೊಂದು ಚೆಂದದ ಸಂಗತಿ ಇದೆ. "ಹಸು ಬಂತಾ?" ಅಂದರೆ ಒಂದು ಹಸು. "ಹಸು ಬಂದ್ವಾ?" ಅಂದರೆ ಹಟ್ಟಿಯ ಹಸುಗಳೆಲ್ಲ. ಹಸು ಅನ್ನುವ ಪದ ಕದಲಲೇ ಇಲ್ಲ. ಎಣಿಕೆ ಪೂರ್ತಿ ಕ್ರಿಯಾಪದದ ಮೇಲೆ ಕೂತಿದೆ.

ಲಾಅಡನ್ ಮಾಡುವುದು ಇದನ್ನೇ, ಆದರೆ ಎಲ್ಲ ನಾಮಪದಕ್ಕೂ. ಅಲ್ಲಿ ನಾಮಪದಕ್ಕೆ ಬಹುವಚನವೇ ಇಲ್ಲ. 'ವಿಥ್' ಅಂದರೆ ಹೆಂಗಸು, ಹೆಂಗಸರು ಎರಡೂ ಹೌದು. 'ಹಲ್' ಅಂದರೆ ಕೆಲಸ ಮಾಡು. ಲಾಅಡನ್‌ನಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಕರ್ತೃ ಆಮೇಲೆ.

ಬೀಇ ಹಲ್ ವಿಥ್ ವ. (ಹೆಂಗಸು ಕೆಲಸ ಮಾಡುತ್ತಾಳೆ.)

ಬೀಇ ಮೆಹಲ್ ವಿಥ್ ವ. (ಹೆಂಗಸರು ಕೆಲಸ ಮಾಡುತ್ತಾರೆ.)

ಬದಲಾಗಿದ್ದು ಕ್ರಿಯಾಪದದ ಮುಂದೆ ಬಂದ 'ಮೆ' ಮಾತ್ರ. ಗುಣ ಹೇಳುವ ಪದಗಳೂ ಇಲ್ಲಿ ಕ್ರಿಯಾಪದಗಳೇ. 'ಥಲ್' ಅಂದರೆ ಒಳ್ಳೆಯದಾಗಿರು. ಒಬ್ಬಳು ಒಳ್ಳೆಯವಳಾದರೆ 'ಥಲ್', ತುಂಬ ಜನ ಒಳ್ಳೆಯವರಾದರೆ 'ಮೆಥಲ್'. ಎಲ್ಲಕ್ಕೂ ಒಂದೇ 'ಮೆ' ಸಾಕು. ಆ ಸಾಲಿನ ಮೊದಲ ಪದ 'ಬೀಇ', ಕೊನೆಯ ಪದ 'ವ' ಯಾಕೆ ಬಂದವು ಅನ್ನುವುದು ಮುಂದೆ ಬರುತ್ತದೆ. ನಿಜ ಹೇಳಬೇಕೆಂದರೆ ಈ ಭಾಷೆಯ ಜೀವ ಇರುವುದೇ ಆ ಎರಡು ಪದಗಳಲ್ಲಿ.

"ನೀವು ಬನ್ನಿ" ಅಂದರೆ ಎಷ್ಟು ಜನ ಬರಬೇಕು?

ಸರ್ವನಾಮ ಅಂದರೆ ನಾನು, ನೀನು, ಅವಳು ಥರದ ಪದಗಳು. ಲಾಅಡನ್‌ನಲ್ಲಿ ಇವಕ್ಕೆ ಮೂರು ಮೆಟ್ಟಿಲು. 'ಲೆ' ಅಂದರೆ ನಾನು. 'ಲೆಝ್' ಅಂದರೆ ನಾವು, ಇಬ್ಬರಿಂದ ಐವರ ತನಕ. 'ಲೆನ್' ಅಂದರೂ ನಾವೇ, ಆದರೆ ಐವರನ್ನು ಮೀರಿದಾಗ. ಹಾಗೆಯೇ ನೀನು ಅನ್ನುವುದಕ್ಕೆ ನೆ, ನೆಝ್, ನೆನ್. ಅವಳು, ಅವನು, ಅದು ಮೂರಕ್ಕೂ ಸೇರಿ ಬೆ, ಬೆಝ್, ಬೆನ್. ಅಂದರೆ ಗಂಡು ಹೆಣ್ಣಿನ ಭೇದ ಸರ್ವನಾಮದಲ್ಲಿ ಇಲ್ಲ.

ಐದಕ್ಕೇ ಗೆರೆ ಹಾಕಿದ್ದು ವಿಚಿತ್ರ ಅನಿಸಬಹುದು. ಆದರೆ ನಾವೂ "ನಾಲ್ಕು ಜನ ಹೋಗಿ ಬರೋಣ" ಅನ್ನುವಾಗ ಒಂದು ಆಟೋದಲ್ಲಿ ಹಿಡಿಸುವ ಗುಂಪನ್ನು ನೆನೆಯುತ್ತೇವೆ. "ಊರವರೆಲ್ಲ ಹೋಗೋಣ" ಅನ್ನುವ 'ನಾವು' ಬೇರೆಯೇ. ಅಡುಗೆಮನೆಯಲ್ಲಿ ಕೂತ ನಾವು ಮತ್ತು ಜಾತ್ರೆಯಲ್ಲಿ ನಿಂತ ನಾವು ಒಂದೇ ಅಲ್ಲವಲ್ಲ. ಆ ವ್ಯತ್ಯಾಸಕ್ಕೆ ಇಲ್ಲಿ ರೂಪ ಸಿಕ್ಕಿದೆ.

ಈಗ ನನಗೆ ತುಂಬ ಮುಖ್ಯ ಅನಿಸುವ ಜಾಗಕ್ಕೆ ಬಂದೆವು. ಕನ್ನಡದಲ್ಲಿ ಬಹುವಚನ ಬರೀ ಎಣಿಕೆಯಲ್ಲ. "ಮೇಷ್ಟ್ರು ಬಂದರು" ಅಂದಾಗ ಬಂದವರು ಒಬ್ಬರೇ. 'ಅರು' ಅಲ್ಲಿ ಗೌರವ. "ನೀವು ಊಟಕ್ಕೆ ಬನ್ನಿ" ಅಂತ ಪಕ್ಕದ ಮನೆಯ ಹಿರಿಯರಿಗೆ ಹೇಳಿದರೆ ಅವರೊಬ್ಬರೇ ಬರಬೇಕೋ ಮನೆಮಂದಿಯೆಲ್ಲ ಬರಬೇಕೋ ಗೊತ್ತಾಗುವುದಿಲ್ಲ. ಅದಕ್ಕೇ "ಎಲ್ಲರೂ ಬರಬೇಕು" ಅಂತ ಮತ್ತೆ ಒತ್ತಿ ಹೇಳುತ್ತೇವೆ. ಏಕವಚನಕ್ಕೂ ಮನಸ್ಸು ಅಂಟಿಕೊಂಡಿದೆ. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ "ನೀವು", ಅಮ್ಮನಿಗೆ "ನೀನು". ದೇವರಿಗೂ "ನೀನೇ ಕಾಪಾಡಪ್ಪ". ಆದರೆ ಬಸ್ಸಿನಲ್ಲಿ ಗುರುತಿಲ್ಲದವರು "ಏಯ್, ನೀನು ಜರುಗು" ಅಂದರೆ ಜಗಳ ಶುರು. "ಏಕವಚನದಲ್ಲಿ ಮಾತಾಡಿದ" ಅನ್ನುವುದು ನಮ್ಮಲ್ಲಿ ಒಂದು ದೂರು! ಒಂದೇ 'ನೀನು' ಪ್ರೀತಿಯೂ ಆಗುತ್ತದೆ, ಅವಮಾನವೂ ಆಗುತ್ತದೆ.

ಅಂದರೆ ನಾವು ಲೆಕ್ಕವನ್ನೂ ಮನಸ್ಸನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೇವೆ. ಎಲ್ಜಿನ್ ಎರಡು ಡಬ್ಬಿ ಮಾಡಿದರು.

ಹೇಗೆ ಅಂದರೆ, ಸರ್ವನಾಮದ ಸ್ವರ ಮನೋಭಾವ ಹೇಳುತ್ತದೆ, ಅದರ ಕೊನೆಯ ಅಕ್ಷರ ಎಣಿಕೆ ಹೇಳುತ್ತದೆ. 'ನೆ' ಅಂದರೆ ಸಾದಾ ನೀನು. 'ನ' ಅಂದರೆ ಪ್ರೀತಿಯ ನೀನು. 'ನಿ' ಅಂದರೆ ಗೌರವದ ನೀನು. ತಿರಸ್ಕಾರಕ್ಕೆ ಮುಂದೆ ಒಂದು ಉಸಿರಿನ 'ಲ್ಹೆ' ಸೇರಿಸಿ 'ಲ್ಹೆನೆ'. ಇದಕ್ಕೆ ಎಣಿಕೆ ಅಂಟಿಸಿ. 'ನಿ' ಒಬ್ಬ ಹಿರಿಯರು. 'ನಿಝ್' ಮೂರ್ನಾಲ್ಕು ಹಿರಿಯರು. 'ನನ್' ಅಂದರೆ ನೀವು ತುಂಬ ಜನ, ಎಲ್ಲರೂ ನನಗೆ ಪ್ರೀತಿಯವರು. ಕನ್ನಡದಲ್ಲಿ ಈ ಕೊನೆಯದನ್ನು ಒಂದೇ ಪದದಲ್ಲಿ ಹೇಳಲು ಬರುವುದಿಲ್ಲ. "ನೀವುಗಳೆಲ್ಲ ನನ್ನ ಮಕ್ಕಳಿದ್ದ ಹಾಗೆ" ಅಂತ ವಾಕ್ಯವನ್ನೇ ಕಟ್ಟಬೇಕು.

ಊಟಕ್ಕೆ ಕರೆಯುವ ಗೊಂದಲವೂ ಅಲ್ಲಿಲ್ಲ. 'ನಿ' ಅಂದರೆ ತಟ್ಟೆ ಒಂದು, 'ನಿಝ್' ಅಂದರೆ ಐದರ ಒಳಗೆ.

ಮೊದಲ ಪದ: ಈ ಮಾತು ಯಾವ ಮನಸ್ಸಿನಿಂದ ಬಂತು

ಲಾಅಡನ್ ವಾಕ್ಯ ಶುರುವಾಗುವುದೇ ತಾನು ಏನು ಮಾಡಲು ಹೊರಟಿದ್ದೇನೆ ಅಂತ ಹೇಳಿಕೊಂಡು. 'ಬೀಇ' ಅಂದರೆ ಇದು ಹೇಳಿಕೆ. 'ಬಾಅ' ಅಂದರೆ ಪ್ರಶ್ನೆ. 'ಬೋಒ' ಅಂದರೆ ಕೋರಿಕೆ. 'ಬೇ' ಅಂದರೆ ಮಾತು ಕೊಡುವುದು. 'ಬೇಎ' ಅಂದರೆ ಎಚ್ಚರಿಕೆ. 'ಬೋ' ಅಂದರೆ ಆಜ್ಞೆ, ಆದರೆ ಇದನ್ನು ಪುಟ್ಟ ಮಕ್ಕಳಿಗಲ್ಲದೆ ಬೇರೆಯವರಿಗೆ ಬಳಸುವುದು ಬಹಳ ಅಪರೂಪ ಅಂತ ವ್ಯಾಕರಣದಲ್ಲೇ ಬರೆದಿದ್ದಾರೆ. ಸರಿಯಾದ ಗೃಹಿಣಿಯ ವಿವೇಕ ಅದು.

ಕನ್ನಡದಲ್ಲಿ ಇವು ಇಲ್ಲವೇ ಇಲ್ಲ ಅಂತಲ್ಲ. "ಬಿದ್ದೀಯ, ಜೋಪಾನ" ಅಂದಾಗ ಆ 'ಬಿದ್ದೀಯ' ರೂಪವೇ ಎಚ್ಚರಿಕೆ ಕೊಡುತ್ತದೆ. "ಬರ್ತೀನಿ" ಅನ್ನುವುದು ಮಾತ್ರ ಸುದ್ದಿಯೋ ಮಾತು ಕೊಟ್ಟದ್ದೋ ಗೊತ್ತಾಗದೆ ಮನೆಯಲ್ಲಿ ರಾತ್ರಿ ಊಟ ಆರುತ್ತದೆ. 'ಬೀಇ' ಅಂದು ಶುರು ಮಾಡಿದ್ದರೆ ಸುದ್ದಿ, 'ಬೇ' ಅಂದಿದ್ದರೆ ಆಣೆ.

ಈ ಮೊದಲ ಪದಕ್ಕೆ ಇನ್ನೊಂದು ಬಾಲ ಅಂಟಿಸಬಹುದು. ಆ ಬಾಲವೇ ಭಾವ. 'ಡ್' ಅಂದರೆ ಸಿಟ್ಟಿನಲ್ಲಿ. 'ಥ್' ಅಂದರೆ ನೋವಿನಲ್ಲಿ. 'ಲಿ' ಅಂದರೆ ಪ್ರೀತಿಯಲ್ಲಿ. 'ಲನ್' ಅಂದರೆ ಸಂಭ್ರಮದಲ್ಲಿ. 'ಡ' ಅಂದರೆ ತಮಾಷೆಗೆ. 'ಯ' ಅಂದರೆ ಭಯದಲ್ಲಿ. ಕಥೆ ಹೇಳುವಾಗ 'ಡೆ', ಪಾಠ ಹೇಳುವಾಗ 'ಡಿ'.

ಒಂದು ಸನ್ನಿವೇಶ ತೊಗೊಳ್ಳಿ. ಮಗಳು ರಾತ್ರಿ ಹತ್ತಕ್ಕೆ ಬಾಗಿಲು ತಟ್ಟುತ್ತಾಳೆ. ಅಮ್ಮ ಕೇಳುತ್ತಾಳೆ: "ಎಲ್ಲಿಗೆ ಹೋಗಿದ್ದೆ?" ಲಾಅಡನ್‌ನಲ್ಲಾದರೆ ಅಮ್ಮ ಮೊದಲ ಪದದಲ್ಲೇ ಆರಿಸಬೇಕು. 'ಬಾಅಡ್' ಅಂದರೆ ಸಿಟ್ಟಿನ ಪ್ರಶ್ನೆ. 'ಬಾಅಯ' ಅಂದರೆ ಹೆದರಿಕೆಯ ಪ್ರಶ್ನೆ. 'ಬಾಅಲಿ' ಅಂದರೆ ಅಕ್ಕರೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಹೆಚ್ಚಾಗಿ ಹುಟ್ಟುವುದು ಹೆದರಿಕೆಯಲ್ಲಿ, ಹೊರಗೆ ಬರುವುದು ಸಿಟ್ಟಿನ ದನಿಯಲ್ಲಿ. ಮಗಳಿಗೆ ಕೇಳಿಸುವುದು ಸಿಟ್ಟು ಮಾತ್ರ. 'ಬಾಅಯ' ಅಂದುಬಿಟ್ಟಿದ್ದರೆ ಹೆದರಿಕೆ ಮೊದಲು ಕೇಳಿಸುತ್ತಿತ್ತು.

ಎಲ್ಜಿನ್ ಇದನ್ನು ಯಾಕೆ ಮಾಡಿದರು? ಇಂಗ್ಲಿಷಿನಲ್ಲಿ ಭಾವವನ್ನು ಹೆಚ್ಚಾಗಿ ಹೊತ್ತು ತರುವುದು ದನಿ ಮತ್ತು ಮುಖ. ಆಡಿದ ಪದಗಳನ್ನು ಕಾಗದದ ಮೇಲೆ ಬರೆದರೆ ಅವು ಅಮಾಯಕವಾಗಿ ಕಾಣುತ್ತವೆ. ಚುಚ್ಚಿದವರು ಆಮೇಲೆ "ನಾನೇನಂದೆ? ಊಟ ಆಯ್ತಾ ಅಂತ ಕೇಳಿದೆ ಅಷ್ಟೇ" ಅಂತ ಕೈ ತೊಳೆದುಕೊಳ್ಳಬಹುದು. ನೊಂದವರ ಹತ್ತಿರ ತೋರಿಸಲು ಸಾಕ್ಷಿ ಇರುವುದಿಲ್ಲ. ಭಾವಕ್ಕೇ ಪದ ಕೊಟ್ಟರೆ ಈ ಜಾರಿಕೆ ಕಷ್ಟ ಅನ್ನುವುದು ಅವರ ವಾದ. ಅತ್ತೆ ಸೊಸೆ, ಅಕ್ಕ ತಂಗಿ, ಮೇಲಧಿಕಾರಿ ಗುಮಾಸ್ತ, ಯಾರ ನಡುವೆಯೇ ಆಗಲಿ ಇಂಥ "ನಾನೇನಂದೆ?" ಕೇಳದ ಕನ್ನಡಿಗರು ಇದ್ದಾರಾ?

ಕೊನೆಯ ಪದ: ನಿನಗೆ ಹೇಗೆ ಗೊತ್ತು?

ಈಗ ಆ 'ವ'. ಲಾಅಡನ್‌ನಲ್ಲಿ ಹೇಳಿಕೆ ಮುಗಿಯುವುದು ಒಂದು ಪುರಾವೆಯ ಪದದಿಂದ. ಈ ವಿಷಯ ನನಗೆ ಹೇಗೆ ಗೊತ್ತಾಯಿತು ಅನ್ನುವುದು ಅದರ ಕೆಲಸ. ಅದನ್ನು ಸುಮ್ನೆ ಅಲಂಕಾರಕ್ಕೆ ಇಟ್ಟಿಲ್ಲ, ಅದು ವಾಕ್ಯದ ಭಾಗ.

'ವ' ಅಂದರೆ ನಾನೇ ಕಂಡೆ, ಕೇಳಿದೆ, ಮುಟ್ಟಿದೆ. ಒಳಗಿನ ಅನುಭವಕ್ಕೂ ಇದೇ. "ನನಗೆ ಹಸಿವಾಗಿದೆ" ಅನ್ನುವುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಯಾರು?

'ವಿ' ಅಂದರೆ ಎಲ್ಲರಿಗೂ ಗೊತ್ತಿರುವುದು, ಸಾಕ್ಷಿ ಕೇಳುವ ಅಗತ್ಯವೇ ಇಲ್ಲದ್ದು. ಬೆಂಕಿ ಸುಡುತ್ತದೆ.

'ವೆ' ಅಂದರೆ ಕನಸಿನಲ್ಲಿ ಕಂಡದ್ದು. ತೀರಿಹೋದ ಅಜ್ಜ ಬೆಳಗಿನ ಜಾವ ಬಂದು ಜಗುಲಿಯ ಮೇಲೆ ಕೂತಿದ್ದರು, ವೆ. ಕನಸಿಗೇ ಒಂದು ವ್ಯಾಕರಣದ ಗುರುತು ಇಟ್ಟದ್ದು ನನಗೆ ತುಂಬ ಹಿಡಿಸಿತು. ಅದು ಸುಳ್ಳಲ್ಲ, ಕಣ್ಣಾರೆ ಕಂಡದ್ದೂ ಅಲ್ಲ.

'ವೊ' ಅಂದರೆ ನಾನು ಕಲ್ಪಿಸಿದ್ದು, ಹೀಗಿದ್ದರೆ ಅಂತ ಹೇಳುತ್ತಿರುವುದು. 'ವೋಒ' ಅಂದರೆ ಇದು ನಿಜವೋ ಅಲ್ಲವೋ ತಿಳಿಯುವ ದಾರಿ ನನ್ನ ಬಳಿ ಇಲ್ಲವೇ ಇಲ್ಲ.

ಉಳಿದದ್ದು ಬೇರೆಯವರಿಂದ ಕೇಳಿದ ಮಾತು, ಅಂದರೆ ನಮ್ಮ 'ಅಂತೆ'. ಇಲ್ಲಿ ಎಲ್ಜಿನ್ ಒಂದರ ಬದಲು ಎರಡು ಇಟ್ಟರು. 'ವಾಅ' ಅಂದರೆ ಹೇಳಿದವರನ್ನು ನಾನು ನಂಬುತ್ತೇನೆ, ಹಾಗಾಗಿ ಇದು ನಿಜ ಅಂದುಕೊಂಡಿದ್ದೇನೆ. 'ವಆ' ಅಂದರೆ ಹೇಳಿದವರ ಮೇಲೆ ನನಗೆ ನಂಬಿಕೆ ಇಲ್ಲ, ಹಾಗಾಗಿ ಇದು ಸುಳ್ಳು ಅಂದುಕೊಂಡಿದ್ದೇನೆ. ಅಕ್ಷರ ಎರಡರಲ್ಲೂ ಒಂದೇ. ದನಿ ಇಳಿದರೆ ನಂಬಿಕೆ, ಏರಿದರೆ ಅಪನಂಬಿಕೆ. ಹೇಳಿದವರಿಗೆ ಕೆಟ್ಟ ಉದ್ದೇಶವೂ ಇತ್ತು ಅನಿಸಿದರೆ ಕೊನೆಗೆ ಆ ತಿರಸ್ಕಾರದ 'ಲ್ಹ್' ಸೇರಿಸಿ 'ವಆಲ್ಹ್'.

ನಮ್ಮ 'ಅಂತೆ' ಇಷ್ಟು ಹೇಳುವುದಿಲ್ಲ. ಅದು ಬಾಗಿಲು ತೋರಿಸುತ್ತದೆ, ಬಾಗಿಲ ಹಿಂದೆ ಇರುವವರು ಎಂಥವರು ಅಂತ ಹೇಳುವುದಿಲ್ಲ. "ಅಂತೆ ಕಂತೆ" ಅಂತ ನಾವು ತಾತ್ಸಾರ ಮಾಡುವುದಕ್ಕೆ ಇದೇ ಕಾರಣ ಇರಬೇಕು. ಆಂಟಿಯನ್ನು ಆಮೇಲೆ ಕೇಳಿದೆ. "ನೀವು ಬರೆದಾಗ ನಂಬಿದ್ರಾ, ಇಲ್ವಾ?" ಅವರು ಸ್ವಲ್ಪ ಹೊತ್ತು ಯೋಚಿಸಿದರು. "ನೀರು ಬಿಡೋ ಹುಡುಗ ಹೇಳಿದ್ದು ಕಣಮ್ಮ, ಅವನು ಸುಳ್ಳು ಹೇಳಲ್ಲ. ಆದ್ರೆ ಅವನಿಗೂ ಯಾರೋ ಹೇಳಿದ್ದಂತೆ." ಹುಡುಗನ ಮಟ್ಟಿಗೆ 'ವಾಅ'. ಅವನಿಗೆ ಹೇಳಿದವರ ಮಟ್ಟಿಗೆ 'ವೋಒ'. ಒಂದೇ 'ಅಂತೆ'ಯಲ್ಲಿ ಎರಡು ಮನಸ್ಸು ಇತ್ತು.

ಪ್ರಶ್ನೆಗೆ ಮಾತ್ರ ಪುರಾವೆಯ ಪದ ಬೇಡ. "ಬಾಅ ಹಲ್ ನೆ?" ಅಂದರೆ "ನೀನು ಕೆಲಸ ಮಾಡ್ತೀಯಾ?" ಕೇಳುವವರಿಗೆ ಗೊತ್ತಿಲ್ಲದ್ದನ್ನೇ ಕೇಳುವುದು, ಅದಕ್ಕೆ ಪುರಾವೆ ಎಲ್ಲಿಂದ ತರುವುದು?

ಇದು ಕಟ್ಟಿದ ಭಾಷೆಯ ಹುಚ್ಚಾಟವಾ?

ಅಲ್ಲ. ಜನ ಮಾತಾಡುವ ಭಾಷೆಗಳಲ್ಲೇ ಇದು ಇದೆ. ತುರ್ಕಿಯಲ್ಲಿ 'ಗೆಲ್ದಿ' ಅಂದರೆ ಬಂದ. 'ಗೆಲ್ಮಿಷ್' ಅಂದರೆ ಬಂದನಂತೆ, ಅಥವಾ ಗುರುತು ನೋಡಿದರೆ ಬಂದಿರಬೇಕು. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲೂ ಕಂಡ ಮಾತಿಗೆ ಒಂದು ಪ್ರತ್ಯಯ, ಕೇಳಿದ ಮಾತಿಗೆ ಇನ್ನೊಂದು. ಕೊಲಂಬಿಯಾ ಮತ್ತು ಬ್ರೆಜಿಲ್ ಗಡಿಯ ಕಾಡುಗಳಲ್ಲಿ ಆಡುವ ತುಯುಕಾ ಭಾಷೆ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಐದು ಬಗೆ: ಕಣ್ಣಾರೆ ಕಂಡದ್ದು, ನೋಡದೆ ಕಿವಿ ಮುಂತಾದವುಗಳಿಂದ ತಿಳಿದದ್ದು, ಗುರುತು ನೋಡಿ ಊಹಿಸಿದ್ದು, ಇನ್ನೊಬ್ಬರು ಹೇಳಿದ್ದು, ಹೀಗೇ ಇರುತ್ತದೆ ಅಂತ ಮೊದಲಿನಿಂದ ಗೊತ್ತಿದ್ದುದರಿಂದ ಹೇಳಿದ್ದು. ಕ್ರಿಯಾಪದಕ್ಕೆ ಇದರಲ್ಲಿ ಒಂದು ಅಂಟಲೇಬೇಕು.

ಕನ್ನಡಕ್ಕೂ ಕೈ ತುಂಬ ಇದೆ. ಅವನು ಬಂದ. ಬಂದನಂತೆ. ಬಂದನೋ ಏನೋ. ಬಂದಾನು. ಬಂದುಬಿಟ್ಟ. ಬಂದ ಕಣೇ. ಬಂದನಲ್ಲಪ್ಪ! ಆದರೆ ಇವೆಲ್ಲ ಬೇಕಾದರೆ ಹಾಕುವ ಒಗ್ಗರಣೆ. ಬಿಟ್ಟರೂ ವಾಕ್ಯ ಕೆಡುವುದಿಲ್ಲ. ಪಕ್ಕದ ಬೀದಿಯವರು 'ಅಂತೆ' ಬಿಟ್ಟರೂ ಅವರ ಕನ್ನಡ ಸರಿಯಾಗೇ ಇತ್ತು. ಲಾಅಡನ್‌ನಲ್ಲಿ 'ವಾಅ' ಬಿಟ್ಟರೆ ಮಾತು ಅರ್ಧಕ್ಕೇ ನಿಂತಂತೆ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಹಾಗಂತ ಈ ವ್ಯಾಕರಣ ಸುಳ್ಳನ್ನು ನಿಲ್ಲಿಸುತ್ತದೆಯಾ? ಇಲ್ಲ. ಸುಳ್ಳು ಹೇಳುವವರು 'ವ' ಹಾಕಿಯೇ ಹೇಳಬಹುದು. ಆದರೆ ಆಗ ಅವರು "ನಾನೇ ಕಂಡೆ" ಅಂತ ಬಾಯಿಬಿಟ್ಟು ಹೇಳಿದಂತಾಯಿತು. ಆಮೇಲೆ "ನಾನು ಕೇಳಿದ್ದು ಹೇಳಿದೆ ಅಷ್ಟೇ" ಅನ್ನಲು ಆಗುವುದಿಲ್ಲ.

ಇದಕ್ಕೆ ಬೇರೆ ದಾರಿ ಹಿಡಿದ ಕಟ್ಟಿದ ಭಾಷೆಯೂ ಇದೆ. ಲೋಜ್ಬಾನ್ ಅಂತ. 1955ರಲ್ಲಿ ಜೇಮ್ಸ್ ಕುಕ್ ಬ್ರೌನ್ ಶುರು ಮಾಡಿದ ಲೋಗ್ಲಾನ್‌ನಿಂದ ಕವಲೊಡೆದು 1987ರಲ್ಲಿ ಹುಟ್ಟಿದ್ದು. ತರ್ಕಕ್ಕೆ ಒಗ್ಗುವ ಭಾಷೆ ಬೇಕು ಅನ್ನುವುದು ಅದರ ಆಸೆ. ಅಲ್ಲಿ 'ಲೊ ಗೆರ್ಕು' ಅಂದರೆ ಒಂದು ನಾಯಿಯೂ ಆಗಬಹುದು, ಹತ್ತು ನಾಯಿಯೂ ಆಗಬಹುದು. ಲೆಕ್ಕ ಬೇಕಾದರೆ ಸಂಖ್ಯೆ ಸೇರಿಸಿ, ಬೇಡವಾದರೆ ಬಿಡಿ. ಭಾವಕ್ಕೂ ಹಾಗೆಯೇ ಬಿಡಿ ಪದಗಳು. 'ಓಯ್' ಅಂದರೆ ಗೊಣಗು. 'ಅಹೊ' ಅಂದರೆ ಭರವಸೆ, ಅದಕ್ಕೆ 'ನಾಯ್' ಸೇರಿಸಿ ತಿರುಗಿಸಿದರೆ ನಿರಾಶೆ. ಕೇಳಿದ ಮಾತಿಗೆ 'ತಿಹೆ', ಅದು ಪಕ್ಕಾ ನಮ್ಮ 'ಅಂತೆ'. ಸೂಕ್ಷ್ಮ ಜಾಸ್ತಿ ಇದೆ, ಆದರೆ ಒತ್ತಾಯ ಇಲ್ಲ.

ಆ ಪ್ರಯೋಗ ಏನಾಯಿತು

ಎಲ್ಜಿನ್ ಲಾಅಡನ್ ಅನ್ನು ಒಂದು ಪ್ರಯೋಗ ಅಂತಲೇ ಕರೆದರು. ಹತ್ತು ವರ್ಷದ ಗಡುವು ಇಟ್ಟುಕೊಂಡರು. ಇಂಥ ಭಾಷೆ ಕೈಗೆ ಸಿಕ್ಕರೆ ಹೆಂಗಸರು ಅದನ್ನು ಎತ್ತಿಕೊಳ್ಳುತ್ತಾರೆ, ಇಲ್ಲವೇ "ಇದು ಸಾಲದು" ಅಂತ ಇದಕ್ಕಿಂತ ಒಳ್ಳೆಯದನ್ನು ಕಟ್ಟುತ್ತಾರೆ ಅಂತ ಅವರ ನಿರೀಕ್ಷೆ ಇತ್ತು. ಎರಡೂ ಆಗಲಿಲ್ಲ. ಗಡುವು ಮುಗಿದಾಗ ಅವರೇ ಅದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಮಾರ್ಕ್ ಓಕ್ರಾಂಡ್ ಸ್ಟಾರ್ ಟ್ರೆಕ್ ಸಿನಿಮಾದ ಯುದ್ಧಪ್ರಿಯ ಅನ್ಯಗ್ರಹದ ಜನರಿಗಾಗಿ ಕಟ್ಟಿದ ಕ್ಲಿಂಗನ್ ಭಾಷೆಯ ನಿಘಂಟೂ 1985ರಲ್ಲೇ ಬಂದಿತ್ತು. ಅದು ಹಬ್ಬಿತು.

ಲಾಅಡನ್ ಪೂರ್ತಿ ಸತ್ತಿಲ್ಲ. ಕಲಿಯುವವರು, ಅದರಲ್ಲಿ ಬರೆಯುವವರು ಈಗಲೂ ಅಲ್ಲಲ್ಲಿ ಇದ್ದಾರೆ. ವ್ಯಾಕರಣಕ್ಕಿಂತ ಅದರ ಕೆಲವು ಪದಗಳು ದೂರ ಹೋಗಿವೆ. 'ಡೊಓಲೆಡೊಶ್' ಅಂಥದ್ದು. ಬರುತ್ತದೆ ಬರುತ್ತದೆ ಅಂತ ಹೆದರಿ ಕಾದು, ಕೊನೆಗೂ ಬಂದೇ ಬಿಟ್ಟಾಗ ಒಂಥರಾ ನಿರಾಳ ತರುವ ನೋವು. ಹಾಸಿಗೆ ಹಿಡಿದ ಹಿರಿಯರನ್ನು ತಿಂಗಳುಗಟ್ಟಲೆ ನೋಡಿಕೊಂಡ ಮನೆಯವರಿಗೆ ಇದು ಗೊತ್ತು, ಬಾಯಿಬಿಟ್ಟು ಹೇಳಲು ಮಾತ್ರ ಪದ ಇರಲಿಲ್ಲ.

ಇನ್ನೊಂದು 'ರಡೀಇಡಿನ್'. 'ಡೀಇಡಿನ್' ಅಂದರೆ ಹಬ್ಬ. 'ರ' ಅದನ್ನು ಅಲ್ಲಗಳೆಯುತ್ತದೆ. ಹೆಸರಿಗೆ ಹಬ್ಬ, ಆದರೆ ಕೆಲಸ ಮತ್ತು ತಯಾರಿಯೇ ಹೊರೆಯಾಗಿ, ಯಾಕಾದರೂ ಬರುತ್ತದೋ ಅನಿಸುವ ದಿನ. ಅದರಲ್ಲೂ ನೆಂಟರು ತುಂಬಿ, ಒಬ್ಬರೂ ಕೈಜೋಡಿಸದೇ ಇದ್ದಾಗ.

ಅದನ್ನು ಓದಿದ ದಿನ ನಮ್ಮಮ್ಮನಿಗೆ ಫೋನ್ ಮಾಡಿ ಅರ್ಥ ಹೇಳಿದೆ. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ಅಮ್ಮ ಆ ಪದವನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಕೊನೆಗೆ ಏನು ಸೇರಿಸಬೇಕು ಅಂತ ಕೇಳಿದಳು. ನೀನೇ ಅನುಭವಿಸಿದ್ದಾದರೆ 'ವ', ಎಲ್ಲರಿಗೂ ಗೊತ್ತಿರುವುದಾದರೆ 'ವಿ' ಅಂದೆ.

"ವ," ಅಂದಳು ಅಮ್ಮ. "ಎಲ್ಲರಿಗೂ ಎಲ್ಲಿ ಗೊತ್ತು?"